ಸಿಗಾರ್ ಕೊಳ್ಳುವ ಮೊದಲು ಅದು ಕಳೆದ ಕಾಲವನ್ನು ಅಳೆಯುವ ಬಗೆ: ಕೊಡಗಿನ ಖರೀದಿದಾರರಿಗೊಂದು ಕೈಪಿಡಿ

ಕಾಳುಮೆಣಸು ಕೊಳ್ಳಲು ತೋಟಕ್ಕೆ ಬರುವ ವ್ಯಾಪಾರಿ, ಅದು ಯಾವ ವರ್ಷದ ಫಸಲು ಎಂದು ಕೇಳಿದ ಮಾತ್ರಕ್ಕೆ ಹಣ ಎಣಿಸುವುದಿಲ್ಲ. ಒಂದು ಹಿಡಿ ತೆಗೆದು ಮೂಸುತ್ತಾನೆ, ತೇವಾಂಶ ಅಳೆಯುತ್ತಾನೆ, ಮಳೆಗಾಲದಲ್ಲಿ ಮೂಟೆಗಳನ್ನು ಎಲ್ಲಿ ಇಟ್ಟಿದ್ದಿರಿ ಎಂದು ವಿಚಾರಿಸುತ್ತಾನೆ. ಅದೇ ತೋಟದ ಮಾಲೀಕರು ಬೆಂಗಳೂರಿನ ಸಿಗಾರ್ ಅಂಗಡಿಗೆ ಹೋದಾಗ ಪೆಟ್ಟಿಗೆಯ ತಳದಲ್ಲಿರುವ ಇಸವಿಯನ್ನು ನೋಡಿ, ‘ಐದು ವರ್ಷ ಹಳೆಯ ಮಾಲು’ ಎಂಬ ಮಾತಿಗೆ ಹೆಚ್ಚಿನ ಬೆಲೆ ತೆತ್ತು ಬರುವುದನ್ನು ನಾನು ಕಂಡಿದ್ದೇನೆ, ನಾನೂ ತೆತ್ತಿದ್ದೇನೆ. ಆ ಐದು ವರ್ಷಗಳಲ್ಲಿ ಎಷ್ಟು ಕಾಲ ಸಿಗಾರ್ ನಿಜವಾಗಿ ಮಾಗಿತ್ತು, ಎಷ್ಟು ಕಾಲ ಬರಿದೇ ಒಣಗುತ್ತಿತ್ತು ಎಂಬುದನ್ನು ಕೊಳ್ಳುವ ಮೊದಲು ತಿಳಿಯುವುದು ಹೇಗೆ ಎಂಬುದೇ ಈ ಬರಹದ ವಿಷಯ.

ಮೊದಲಿಗೆ ಒಂದು ಮಾತನ್ನು ಹೇಳಿ ಮುಂದುವರಿಯುತ್ತೇನೆ. ಸಿಗಾರನ್ನು ಮಾಗಿಸುವುದರಿಂದ ಅದರ ರುಚಿ ಮೃದುವಾಗುತ್ತದೆಯೇ ಹೊರತು ಅದರಿಂದ ಆರೋಗ್ಯಕ್ಕಾಗುವ ಹಾನಿ ಕಡಿಮೆಯಾಗುವುದಿಲ್ಲ. ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಮುಂದಿನ ಮಾತುಗಳೆಲ್ಲ ಆ ವಯಸ್ಸು ದಾಟಿ, ತಿಳಿದೇ ಆಯ್ಕೆ ಮಾಡಿಕೊಂಡವರಿಗೆ ಮಾತ್ರ.

ಕುಶಾಲನಗರ ದಾಟಿ ಪಿರಿಯಾಪಟ್ಟಣ, ಹುಣಸೂರಿನ ಕಡೆಗೆ ಇಳಿದರೆ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳು ರಸ್ತೆಯಿಂದಲೇ ಕಾಣುತ್ತವೆ. ಅಲ್ಲಿ ಬೆಳೆಯುವ ವರ್ಜೀನಿಯಾ ತಂಬಾಕನ್ನು ಕಾವು ಕೊಟ್ಟು ಕೆಲವೇ ದಿನಗಳಲ್ಲಿ ಹದಗೊಳಿಸುತ್ತಾರೆ; ಅದು ಸಿಗರೇಟಿನ ಎಲೆ. ಸಿಗಾರಿನ ಎಲೆಯ ದಾರಿ ಬೇರೆ. ಅದನ್ನು ಗಾಳಿಯಾಡುವ ಕೊಟ್ಟಿಗೆಯಲ್ಲಿ ವಾರಗಟ್ಟಲೆ ತೂಗುಹಾಕಿ ಒಣಗಿಸುತ್ತಾರೆ, ಆ ಮೇಲೆ ದೊಡ್ಡ ರಾಶಿಗಳಾಗಿ ಪೇರಿಸಿ ಹುದುಗಲು ಬಿಡುತ್ತಾರೆ, ರಾಶಿಯ ಒಳಗಿನ ಶಾಖ ಮಿತಿಮೀರದಂತೆ ಆಗಾಗ ಮಗುಚುತ್ತಾರೆ. ಪಲ್ಪಿಂಗ್ ಆದ ಮೇಲೆ ಉಳಿದ ಕಾಫಿ ಸಿಪ್ಪೆಯ ಗುಡ್ಡೆಯೊಳಗೆ ಕೈ ತೂರಿಸಿದವರಿಗೆ ಆ ಶಾಖ ಎಂತಹುದೆಂದು ವಿವರಿಸಬೇಕಾಗಿಲ್ಲ. ಈ ಹಂತದಲ್ಲಿ ಎಲೆಯಲ್ಲಿರುವ ಅಮೋನಿಯಾದ ಹೆಚ್ಚಿನ ಪಾಲು ಹೊರಗೆ ಹೋಗುತ್ತದೆ. ನಂತರ ಎಲೆಗಳನ್ನು ಬೇಲುಗಳಾಗಿ ಕಟ್ಟಿ ತಿಂಗಳುಗಳ ಕಾಲ, ಕೆಲವೊಮ್ಮೆ ವರ್ಷಗಳ ಕಾಲ ಇಟ್ಟು, ಆ ಮೇಲೆಯೇ ಸಿಗಾರ್ ಸುತ್ತುತ್ತಾರೆ.

ಸುತ್ತುವಾಗ ಎಲೆಗಳು ಮುರಿಯಬಾರದೆಂದು ಅವನ್ನು ಮತ್ತೆ ತೇವಗೊಳಿಸಬೇಕಾಗುತ್ತದೆ. ಆ ತೇವದಿಂದ ಅಡಗಿದ್ದ ಹುದುಗುವಿಕೆ ಸ್ವಲ್ಪ ಮಟ್ಟಿಗೆ ಮತ್ತೆ ಎಚ್ಚರಗೊಳ್ಳುವುದರಿಂದ, ಹೊಸದಾಗಿ ಸುತ್ತಿದ ಸಿಗಾರಿನಲ್ಲಿ ಕೆಲವು ತಿಂಗಳು ಮೂಗಿಗೆ ಚುಚ್ಚುವ ಅಮೋನಿಯಾದ ವಾಸನೆಯೂ ನಾಲಿಗೆಗೆ ಹಸಿ ಕಹಿಯೂ ಇರುತ್ತವೆ. ಬಲ್ಲವರು ಇದನ್ನು ಸಿಗಾರಿನ ‘ಕಾಯಿಲೆಯ ಕಾಲ’ ಎನ್ನುತ್ತಾರೆ. ಅದು ಕಳೆದ ಮೇಲೆ ಒಳಗಿನ ಫಿಲ್ಲರ್, ಅದನ್ನು ಬಿಗಿದ ಬೈಂಡರ್, ಹೊರಗಿನ ರ‍್ಯಾಪರ್ ಎಂಬ ಮೂರು ಬಗೆಯ ಎಲೆಗಳ ಎಣ್ಣೆ ಮತ್ತು ಪರಿಮಳಗಳು ಒಂದರೊಳಗೊಂದು ಬೆರೆಯುತ್ತವೆ, ಒಗರು ಇಳಿಯುತ್ತದೆ, ಖಾರ ತಗ್ಗುತ್ತದೆ. ಇನ್ನೂ ಬಹಳ ವರ್ಷ ಇಟ್ಟರೆ ಪರಿಮಳವೇ ಒಂದೊಂದಾಗಿ ಆರಿಹೋಗಿ ಸಪ್ಪೆಯಾಗುವ ದಿನವೂ ಬರುತ್ತದೆ. ಮಾಗುವಿಕೆ ಎಂದರೆ ಈ ಏರಿಳಿತದ ದಾರಿ. ನೀವು ಹಣ ಕೊಡುವ ಹೊತ್ತಿಗೆ ಸಿಗಾರ್ ಆ ದಾರಿಯಲ್ಲಿ ಎಲ್ಲಿದೆ ಎಂಬುದನ್ನು ಅಂದಾಜು ಮಾಡುವುದೇ ಖರೀದಿದಾರನ ಕೆಲಸ.

ಈ ಬದಲಾವಣೆಗಳೆಲ್ಲ ಸರಿಯಾಗಿ ನಡೆಯಬೇಕಾದರೆ ಸಾಪೇಕ್ಷ ಆರ್ದ್ರತೆ ಶೇ 65ರಿಂದ 70ರ ಆಸುಪಾಸಿನಲ್ಲಿಯೂ ಉಷ್ಣತೆ 16ರಿಂದ 21 ಡಿಗ್ರಿ ಸೆಲ್ಸಿಯಸ್‌ನ ಒಳಗೂ ಇರಬೇಕು. ಅಂಗಡಿಯಲ್ಲಿ, ಗೋದಾಮಿನಲ್ಲಿ, ಆಮದುದಾರನ ಕೋಣೆಯಲ್ಲಿ ಈ ಸ್ಥಿತಿಯಲ್ಲಿ ಕಳೆದ ತಿಂಗಳುಗಳನ್ನು ಮಾತ್ರ ವಯಸ್ಸಿನ ಲೆಕ್ಕಕ್ಕೆ ಸೇರಿಸಬೇಕು. ಶೇ 55ಕ್ಕಿಂತ ಕೆಳಗೆ ಬಹುಕಾಲ ಇದ್ದ ಸಿಗಾರಿನಲ್ಲಿ ನೀರಿನ ಜೊತೆಗೆ ಪರಿಮಳದ ಎಣ್ಣೆಗಳೂ ಆರಿಹೋಗುತ್ತವೆ. ನೀರನ್ನು ಮತ್ತೆ ಕೊಡಬಹುದು, ಎಣ್ಣೆಯನ್ನು ಕೊಡಲಾಗದು. ಆದ್ದರಿಂದ ಒಣಗಿಸಿ ಮತ್ತೆ ಮೆದುಗೊಳಿಸಿದ ಹಳೆಯ ಸಿಗಾರ್ ಕೈಗೆ ಸರಿಯೆನಿಸಿದರೂ ಬಾಯಿಗೆ ಕಾಗದದಂತೆ ಬರುತ್ತದೆ. ಶೇ 75ನ್ನು ಮೀರಿದ ತೇವದಲ್ಲಿದ್ದರೆ ಬೂಷ್ಟು ಹಿಡಿಯುತ್ತದೆ, ಉರಿ ಒಂದು ಬದಿಗೆ ಓಡುತ್ತದೆ, ಎಳೆದರೆ ಹೊಗೆ ಬರುವುದಿಲ್ಲ. ಮಳೆಗಾಲದ ಗಾಳಿಗೆ ಕಾಫಿಯನ್ನು ಒಡ್ಡಿ ಮಾನ್ಸೂನ್ಡ್ ಮಲಬಾರ್ ಮಾಡುವವರು ಬೀಜವನ್ನು ಹರಡಿ, ಗೋರಿ, ಚೀಲ ಬದಲಿಸಿ ವಾರಗಟ್ಟಲೆ ಕಾಯುತ್ತಾರೆ. ಅದೇ ಕಾಫಿಯ ಚೀಲವನ್ನು ಸೋರುವ ಗೋದಾಮಿನ ಮೂಲೆಗೆ ಒರಗಿಸಿಟ್ಟರೆ ಅದನ್ನು ಯಾರೂ ಮಾನ್ಸೂನ್ಡ್ ಎಂದು ಕರೆಯುವುದಿಲ್ಲ. ಸಿಗಾರಿನ ವಯಸ್ಸಿಗೂ ಇದೇ ನ್ಯಾಯ ಅನ್ವಯಿಸುತ್ತದೆ.

ಇನ್ನು ದಿನಾಂಕವನ್ನು ಓದುವ ಕೆಲಸ. ಕ್ಯೂಬಾದ ಪೆಟ್ಟಿಗೆಯನ್ನು ತಿರುಗಿಸಿದರೆ ತಳದಲ್ಲಿ ಕಾರ್ಖಾನೆಯ ಸಂಕೇತಾಕ್ಷರಗಳೂ ಅವುಗಳ ಬಳಿ ತಿಂಗಳು ಮತ್ತು ಇಸವಿಯ ಮುದ್ರೆಯೂ ಇರುತ್ತವೆ. ತಿಂಗಳು ಸ್ಪಾನಿಷ್ ಹೆಸರಿನ ಮೊದಲ ಮೂರು ಅಕ್ಷರಗಳಲ್ಲಿರುವುದರಿಂದ ಜನವರಿಗೆ ‘ಎನೆ’, ಏಪ್ರಿಲ್‌ಗೆ ‘ಅಬ್ರ್’, ಆಗಸ್ಟ್‌ಗೆ ‘ಆಗೊ’, ಡಿಸೆಂಬರ್‌ಗೆ ‘ದಿಕ್’ ಎಂದು ಕಾಣುತ್ತದೆ. ಉಳಿದ ತಿಂಗಳುಗಳನ್ನು ಇಂಗ್ಲಿಷ್ ಹೆಸರಿನ ಹೋಲಿಕೆಯಿಂದಲೇ ಗುರುತಿಸಬಹುದು. ಇದು ಪೆಟ್ಟಿಗೆಗೆ ತುಂಬಿದ ತಿಂಗಳೇ ಹೊರತು ಸುತ್ತಿದ ದಿನವಲ್ಲ, ಎಲೆ ಕಟಾವಾದ ವರ್ಷವಂತೂ ಅಲ್ಲವೇ ಅಲ್ಲ. ನಿಕರಾಗುವಾ, ಹೊಂಡುರಾಸ್, ಡೊಮಿನಿಕನ್ ಗಣರಾಜ್ಯಗಳ ಸಿಗಾರುಗಳಲ್ಲಿ ಅನೇಕವಕ್ಕೆ ಇಂತಹ ಮುದ್ರೆಯೇ ಇರುವುದಿಲ್ಲ.

ಇಲ್ಲಿಯೇ ನಮ್ಮವರು ಹೆಚ್ಚಾಗಿ ಎಡವುತ್ತಾರೆ. ಭಾರತದಲ್ಲಿ ಮಾರಾಟವಾಗುವ ಪೆಟ್ಟಿಗೆಯ ಮೇಲೆ ಆರೋಗ್ಯದ ಎಚ್ಚರಿಕೆಯ ಚಿತ್ರದ ಜೊತೆಗೆ ಆಮದುದಾರರ ಹೆಸರು, ಗರಿಷ್ಠ ಮಾರಾಟ ಬೆಲೆ, ತಿಂಗಳು ಮತ್ತು ವರ್ಷ ಇರುವ ಚೀಟಿಯನ್ನು ಅಂಟಿಸಿರುತ್ತಾರೆ. ಆ ಚೀಟಿಯ ತಿಂಗಳು ಆಮದಾದದ್ದೋ ತಯಾರಾದದ್ದೋ ಎಂಬುದನ್ನು ಅದರ ಮುಂದಿರುವ ಪದವನ್ನು ಓದಿಯೇ ತಿಳಿಯಬೇಕು. ತಳದ ಮುದ್ರೆ ಮತ್ತು ಆಮದಿನ ತಿಂಗಳು ಎರಡೂ ಸಿಕ್ಕರೆ ಅದೊಂದು ಅದೃಷ್ಟವೆಂದೇ ತಿಳಿಯಿರಿ, ಏಕೆಂದರೆ ಪೆಟ್ಟಿಗೆಯ ಪೂರ್ವಚರಿತ್ರೆ ಎರಡು ತುಂಡಾಗಿ ನಿಮ್ಮ ಮುಂದೆ ಬಿಚ್ಚಿಕೊಳ್ಳುತ್ತದೆ: ತುಂಬಿದ ದಿನದಿಂದ ಇಲ್ಲಿಗೆ ಬರುವವರೆಗಿನ ಕಾಲ ಒಂದು, ಇಲ್ಲಿಗೆ ಬಂದ ಮೇಲೆ ನಮ್ಮ ಬಿಸಿಲು ಮಳೆಗಳ ನಡುವೆ ಕಳೆದ ಕಾಲ ಇನ್ನೊಂದು. ಎರಡನೆಯ ತುಂಡು ಉದ್ದವಾದಷ್ಟೂ ಅಂಗಡಿಯವರಿಗೆ ಹೆಚ್ಚು ಪ್ರಶ್ನೆ ಕೇಳಬೇಕು.

ಆ ಪ್ರಶ್ನೆಗಳನ್ನು ವಿನಯದಿಂದಲೇ ಕೇಳಬಹುದು. ಈ ಪೆಟ್ಟಿಗೆ ನಿಮ್ಮಲ್ಲಿಗೆ ಬಂದು ಎಷ್ಟು ತಿಂಗಳಾಯಿತು, ಬಂದಾಗಿನಿಂದ ಇದೇ ಕೋಣೆಯಲ್ಲಿತ್ತೇ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹವಾನಿಯಂತ್ರಣ ಯಂತ್ರ ನಡೆಯುತ್ತದೆಯೇ, ಆರ್ದ್ರತೆಯನ್ನು ಎಷ್ಟಕ್ಕೆ ನಿಲ್ಲಿಸಿದ್ದೀರಿ ಎಂದು ಕೇಳಿದರೆ ಸಾಕು. ಕೊನೆಯ ಪ್ರಶ್ನೆಗೆ ತಡವರಿಸದೆ ಸಂಖ್ಯೆ ಹೇಳುವವರ ಬಳಿ ನಾನು ನಿಶ್ಚಿಂತೆಯಿಂದ ಕೊಳ್ಳುತ್ತೇನೆ. ಹಗಲು ಮಾತ್ರ ತಣ್ಣಗಿದ್ದು ರಾತ್ರಿ ಬೇಯುವ ಕೋಣೆಯಲ್ಲಿ ಸಿಗಾರ್ ದಿನವೂ ಹಿಗ್ಗಿ ಕುಗ್ಗುತ್ತಿರುತ್ತದೆ, ಅದರಿಂದ ರ‍್ಯಾಪರ್ ಸವೆಯುತ್ತದೆ. ಗಾಜಿನ ಪ್ರದರ್ಶನ ಕಪಾಟಿನಲ್ಲಿ, ದೀಪದ ಕೆಳಗೆ, ಮುಚ್ಚಳ ತೆರೆದಿಟ್ಟ ಪೆಟ್ಟಿಗೆಯ ವಿಷಯದಲ್ಲಿ ಪ್ರಶ್ನೆ ಕೇಳುವ ಅಗತ್ಯವೂ ಇಲ್ಲ.

ಮಾತಿಗಿಂತ ಪೆಟ್ಟಿಗೆಯೇ ಹೆಚ್ಚು ಹೇಳುತ್ತದೆ. ಸಿಗಾರ್ ಪೆಟ್ಟಿಗೆಗೆ ಬಳಸುವ ‘ಸ್ಪಾನಿಷ್ ಸೀಡರ್’ ಎಂಬ ಮರ ಹೆಸರಿಗೆ ಮಾತ್ರ ದೇವದಾರು, ಕುಲದಲ್ಲಿ ಅದು ಬೇವಿನ ಕುಟುಂಬಕ್ಕೆ ಸೇರಿದ್ದು. ಮುಚ್ಚಳ ತೆರೆದ ಕ್ಷಣ ಆ ಮರದ ಸಿಹಿಗಂಪಿನೊಡನೆ ಒಣಹುಲ್ಲು, ಕೊಟ್ಟಿಗೆ, ತೊಗಲು ಇವುಗಳ ನೆನಪು ತರುವ ವಾಸನೆ ಬರಬೇಕು. ಜುಲೈ ತಿಂಗಳಲ್ಲಿ ಬೀರು ತೆರೆದಾಗ ಬರುವ ಮುಗ್ಗಲು ವಾಸನೆಯನ್ನು ನಾವು ಕೊಡಗಿನವರು ಯಾರೂ ಹೇಳಿಕೊಡದೆ ಬಲ್ಲೆವು. ಅದರ ಒಂದೆಳೆ ಸುಳಿದರೂ ಪೆಟ್ಟಿಗೆಯನ್ನು ಹಿಂದಿರುಗಿಸಿ. ಏನೂ ವಾಸನೆ ಬರದಿದ್ದರೆ ಅದು ಒಣಗಿದ ಮಾಲು. ಒಳಗಿನ ಕಾಗದ ಅಲೆಯಲೆಯಾಗಿ ಉಬ್ಬಿದ್ದರೆ, ಪೆಟ್ಟಿಗೆಯ ಪುಟ್ಟ ಮೊಳೆಗೆ ತುಕ್ಕು ಹಿಡಿದಿದ್ದರೆ ಅದು ಎಂದೋ ಅತಿಯಾದ ತೇವವನ್ನು ಕಂಡಿದೆ. ಪೆಟ್ಟಿಗೆಯ ತಳದಲ್ಲಿ ನಯವಾದ ಕಂದು ಪುಡಿ, ಸಿಗಾರಿನ ಮೈಮೇಲೆ ಗುಂಡುಸೂಜಿ ಚುಚ್ಚಿದಂತಹ ತೂತು ಕಂಡರೆ ಅದು ತಂಬಾಕು ಕೀಟದ ಕೆಲಸ. ಲಾಸಿಯೋಡರ್ಮಾ ಸೆರಿಕಾರ್ನೆ ಎಂಬ ಈ ಪುಟ್ಟ ಜೀರುಂಡೆಯ ಮೊಟ್ಟೆಗಳು ಬಿಸಿ ಹೆಚ್ಚಿದಂತೆ ಬೇಗ ಒಡೆದು, ಒಂದು ಸಿಗಾರಿನಿಂದ ಇಡೀ ಸಂಗ್ರಹಕ್ಕೆ ಹಬ್ಬುತ್ತವೆ.

ಸೆಲೋಫೇನ್ ಹೊದಿಕೆಯಿರುವ ಸಿಗಾರಿನಲ್ಲಿ ಇನ್ನೊಂದು ಸುಳಿವಿದೆ. ಎಲೆಯ ಎಣ್ಣೆ ವರ್ಷಗಳು ಕಳೆದಂತೆ ಹೊದಿಕೆಗೆ ಹತ್ತಿ, ಅದು ನಿಧಾನವಾಗಿ ಹಳದಿಗೆ, ಆ ಮೇಲೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹಳೆಯದೆಂದು ಹೇಳಿ ಮಾರುವ ಸಿಗಾರಿನ ಹೊದಿಕೆ ನೀರಿನಂತೆ ತಿಳಿಯಾಗಿದ್ದರೆ ಆ ಮಾತನ್ನು ಅನುಮಾನಿಸಬಹುದು. ಆದರೆ ಹಳದಿ ಬಣ್ಣ ಕಾಲ ಕಳೆದದ್ದಕ್ಕೆ ಸಾಕ್ಷಿಯೇ ಹೊರತು ಕಾಪಾಡಿದ್ದಕ್ಕೆ ಸಾಕ್ಷಿಯಲ್ಲ.

ಅಂಗಡಿಯವರ ಅನುಮತಿ ಪಡೆದು ಸಿಗಾರನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ತುದಿಯಿಂದ ತುದಿಯವರೆಗೆ ಮೆಲ್ಲಗೆ ಒತ್ತಿ ನೋಡಿ. ಉದ್ದಕ್ಕೂ ಒಂದೇ ಸಮನಾಗಿ ತಗ್ಗಿ ಮತ್ತೆ ಮೇಲೇಳಬೇಕು. ಕಿವಿಯ ಬಳಿ ಒತ್ತಿ ಚರಚರ ಸದ್ದು ಕೇಳುವ ಅಭ್ಯಾಸ ಕೆಲವರಿಗಿದೆ. ಅದರಿಂದ ರ‍್ಯಾಪರ್ ಒಡೆಯುತ್ತದೆ, ಒಡೆದದ್ದನ್ನು ನಿಮ್ಮ ನಂತರ ಬಂದವರು ಕೊಳ್ಳುತ್ತಾರೆ. ಬಿಳಿ ಪುಡಿ ಕಂಡರೆ ‘ಇದು ಪ್ಲೂಮ್, ಚೆನ್ನಾಗಿ ಮಾಗಿದ ಗುರುತು’ ಎಂದು ಹೇಳುವ ಮಾರಾಟಗಾರರಿದ್ದಾರೆ. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಕೋವಿಯ ಚೀಲಗಳ ಮೇಲೆ ಬೂಷ್ಟು ಒರೆಸಿ ಒರೆಸಿ ಸಾಕಾದ ನನಗೆ ಬಿಳಿಯದೆಲ್ಲವೂ ಬೂಷ್ಟೇ, ಅಲ್ಲವೆಂದು ತೋರಿಸುವ ಹೊಣೆ ಮಾರುವವರದು.

ಇಷ್ಟು ನೋಡಿದ ಮೇಲೂ ಒಮ್ಮೆಗೇ ಪೆಟ್ಟಿಗೆ ಕೊಳ್ಳಬೇಡಿ. ಅದೇ ಪೆಟ್ಟಿಗೆಯಿಂದ ಎರಡು ಬಿಡಿ ಸಿಗಾರ್ ಕೊಡುವುದಾದರೆ ಅವನ್ನು ತಂದು ಅಳತೆ ಮಾಡಬಹುದು. ಇದಕ್ಕೆ ಬೇಕಾದುದು ಗಾಳಿಯಾಡದ ಗಾಜಿನ ಜಾಡಿ ಮತ್ತು ಗಾಳಿಯ ಆರ್ದ್ರತೆ ಅಳೆಯುವ ಒಂದು ಡಿಜಿಟಲ್ ಹೈಗ್ರೋಮೀಟರ್. ಮೊದಲು ಮೀಟರನ್ನು ಪರೀಕ್ಷಿಸಬೇಕು: ಬಾಟಲಿಯ ಮುಚ್ಚಳದಲ್ಲಿ ಅಡುಗೆಯ ಉಪ್ಪು ಹಾಕಿ, ಉಪ್ಪು ಕರಗಿಹೋಗದೆ ಒದ್ದೆ ಮರಳಿನಂತಾಗುವಷ್ಟೇ ನೀರು ಬೆರೆಸಿ, ಮೀಟರಿನ ಜೊತೆಗೆ ಜಾಡಿಯಲ್ಲಿ ಮುಚ್ಚಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅದು ಶೇ 75 ತೋರಿಸಬೇಕು. 71 ತೋರಿಸಿದರೆ ಮುಂದಿನ ಎಲ್ಲ ಓದಿಗೂ ನಾಲ್ಕು ಸೇರಿಸಿಕೊಳ್ಳಿ. ಆ ಮೇಲೆ ಒಣ ಜಾಡಿಯಲ್ಲಿ ಬೇರೇನೂ ಹಾಕದೆ ಸಿಗಾರ್ ಮತ್ತು ಮೀಟರನ್ನು ಮಾತ್ರ ಎರಡು ಮೂರು ದಿನ ಮುಚ್ಚಿಟ್ಟರೆ ಜಾಡಿಯೊಳಗಿನ ಗಾಳಿ ಸಿಗಾರಿನ ತೇವಕ್ಕೆ ಹೊಂದಿಕೊಂಡು ನಿಲ್ಲುತ್ತದೆ. ಆಗ ಕಾಣುವ ಸಂಖ್ಯೆ ಅಂಗಡಿಯ ಗೋಡೆಯ ಮೇಲಿನ ಯಂತ್ರ ಹೇಳುವುದಕ್ಕಿಂತ ಹೆಚ್ಚು ನಂಬಿಕೆಗೆ ಯೋಗ್ಯ. ಜಾಡಿ ಚಿಕ್ಕದಾಗಿರಲಿ, ದೊಡ್ಡ ಜಾಡಿಯಲ್ಲಿ ಒಂಟಿ ಸಿಗಾರ್ ಇಟ್ಟರೆ ಒಳಗೆ ಮೊದಲೇ ಇದ್ದ ಗಾಳಿಯ ಪ್ರಭಾವ ಹೆಚ್ಚಾಗುತ್ತದೆ. ಓದು 62ರಿಂದ 70ರ ನಡುವೆ ಬಂದರೆ ಪೆಟ್ಟಿಗೆಯ ವಯಸ್ಸನ್ನು ನಂಬಲು ಒಂದು ಆಧಾರ ಸಿಕ್ಕಿತು. 50ರ ಆಸುಪಾಸಿನಲ್ಲಿದ್ದರೆ ಮುದ್ರೆಯ ಇಸವಿ ಎಷ್ಟೇ ಹಳೆಯದಾಗಿರಲಿ, ಅದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬಾರದು.

ವಯಸ್ಸಿಗೆ ಬೆಲೆ ಕಟ್ಟುವಾಗ ನನ್ನ ಲೆಕ್ಕ ಹೀಗಿದೆ. ತುಂಬಿ ಆರು ತಿಂಗಳೂ ಆಗದ ಪೆಟ್ಟಿಗೆಯನ್ನು ತಕ್ಷಣ ಸೇದುವ ಉದ್ದೇಶದಿಂದ ಕೊಳ್ಳುವುದಿಲ್ಲ, ಮನೆಯಲ್ಲಿ ಇಟ್ಟು ಮಾಗಿಸುವುದಕ್ಕಾದರೆ ಅದಕ್ಕಿಂತ ಒಳ್ಳೆಯದಿಲ್ಲ, ಏಕೆಂದರೆ ಅದಕ್ಕೆ ಕೆಡಲು ಸಮಯವೇ ಸಿಕ್ಕಿರುವುದಿಲ್ಲ. ಒಂದರಿಂದ ಮೂರು ವರ್ಷದ್ದಕ್ಕೆ, ಜಾಡಿಯ ಪರೀಕ್ಷೆಯಲ್ಲಿ ಗೆದ್ದರೆ, ಸ್ವಲ್ಪ ಹೆಚ್ಚು ಕೊಡಬಹುದು. ಐದು ವರ್ಷ ದಾಟಿದ್ದರೆ ಎಲೆಯ ಗುಣವನ್ನು ವಿಚಾರಿಸಬೇಕು. ಕಡುಬಣ್ಣದ, ಖಾರವಾದ ಮಿಶ್ರಣ ಅಷ್ಟು ಕಾಲವನ್ನು ತಾಳಿಕೊಂಡು ಇಂಪಾಗುತ್ತದೆ, ತಿಳಿಬಣ್ಣದ ಮೃದುವಾದದ್ದು ಅಷ್ಟರಲ್ಲಿ ತನ್ನ ಸೊಗಸನ್ನು ಕಳೆದುಕೊಂಡಿರಬಹುದು. ಯಂತ್ರದಲ್ಲಿ ತಯಾರಾಗುವ ಸಣ್ಣ ಸಿಗಾರಿಲ್ಲೊ ಮತ್ತು ಒಣಗಿಯೇ ಸೇದುವ ಡಚ್ ಮಾದರಿಯವಕ್ಕೆ ಈ ಲೆಕ್ಕವೇ ಬೇಡ. ತಿರುಚಿರಾಪಳ್ಳಿಯ ಚುಟ್ಟಾಗಳನ್ನೂ ಹಾಗೆಯೇ ಬೇಗ ಮುಗಿಸುವುದು ಮೇಲು.

ಕೊಂಡದ್ದನ್ನು ಬೆಟ್ಟ ಹತ್ತಿಸಿ ಮನೆಗೆ ತರುವುದು ಮುಂದಿನ ಘಟ್ಟ. ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 250 ಕಿಲೋಮೀಟರ್. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯೊಳಗೆ ಕಳೆದ ಆರು ಗಂಟೆ, ಅಂಗಡಿಯವರು ಜತನದಿಂದ ಕಾಪಾಡಿದ ಆರು ತಿಂಗಳನ್ನು ಹಾಳುಮಾಡಬಲ್ಲದು. ಆದ್ದರಿಂದ ಗಾಳಿಯಾಡದ ಡಬ್ಬಿಯಲ್ಲಿ ಎರಡು ಕಡೆಗೂ ಕೆಲಸ ಮಾಡುವ, ಅಂದರೆ ತೇವ ಕಡಿಮೆಯಾದಾಗ ಕೊಟ್ಟು ಹೆಚ್ಚಾದಾಗ ಹೀರುವ ತೇವದ ಪೊಟ್ಟಣವೊಂದನ್ನು ಹಾಕಿ, ಡಬ್ಬಿಯನ್ನು ನೀವು ಕುಳಿತಲ್ಲಿಯೇ ಇಟ್ಟುಕೊಳ್ಳಿ. ವಿದೇಶದಿಂದ ಸುಂಕವಿಲ್ಲದೆ ತರುವವರಿಗೆ ಬ್ಯಾಗೇಜ್ ನಿಯಮಗಳು 25 ಸಿಗಾರುಗಳ ಮಿತಿ ಹಾಕಿವೆ. ವಿಮಾನದಲ್ಲಿ ಅವನ್ನು ಕೈಚೀಲದಲ್ಲಿಯೇ ತನ್ನಿ.

ನನ್ನದೊಂದು ತಪ್ಪನ್ನು ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ, ನಗರದ ಅಂಗಡಿಯೊಂದರ ಗಾಜಿನ ಕಪಾಟಿನಿಂದ ಐದು ವರ್ಷದ ಮುದ್ರೆಯಿದ್ದ ಪೆಟ್ಟಿಗೆಯನ್ನು ಹೆಮ್ಮೆಯಿಂದ ತಂದೆ. ಅದು ಒಣಗಿದೆ ಎಂದು ಮನೆಗೆ ಬಂದ ಮೇಲೆ ತಿಳಿಯಿತು. ಮಳೆಗಾಲ ಬರಲಿ, ಆಕಾಶವೇ ಪುಕ್ಕಟೆಯಾಗಿ ತೇವ ಕೊಡುತ್ತದೆ ಎಂದುಕೊಂಡು ಜೂನ್ ಕೊನೆಯಲ್ಲಿ ಜಗಲಿಯ ಕಪಾಟಿನಲ್ಲಿ ಮುಚ್ಚಳ ತೆರೆದಿಟ್ಟೆ. ನಾಲ್ಕು ದಿನದಲ್ಲಿ ಹೊರಗಿನ ರ‍್ಯಾಪರ್ ಹಿಗ್ಗಿತು, ಒಳಗಿನ ಎಲೆ ಇನ್ನೂ ಒಣಗಿಯೇ ಇತ್ತು, ಅರ್ಧದಷ್ಟು ಸಿಗಾರುಗಳು ಉದ್ದಕ್ಕೆ ಸೀಳಿದವು. ಎರಡನೆಯ ವಾರದಲ್ಲಿ ಉಳಿದವುಗಳ ಮೇಲೆ ಬೂಷ್ಟು ಕಾಣಿಸಿತು. ಮನೆಗೆ ಬಂದಿದ್ದ ಸೋದರಮಾವ ಪೆಟ್ಟಿಗೆಯನ್ನು ನೋಡಿ, ‘ಕಾಫಿಯನ್ನು ಹೀಗೆ ಇಡುತ್ತಿದ್ದೆಯೇನು?’ ಎಂದಷ್ಟೇ ಕೇಳಿದರು.

ಒಣಗಿದ್ದನ್ನು ಮೆದುಗೊಳಿಸುವ ಸರಿಯಾದ ಕ್ರಮ ನಿಧಾನದ್ದು. ಗಾಳಿಯಾಡದ ಡಬ್ಬಿಯಲ್ಲಿ ಮೊದಲು ಆರ್ದ್ರತೆಯನ್ನು ಶೇ 62ರಲ್ಲಿ ನಿಲ್ಲಿಸುವ ತೇವದ ಪೊಟ್ಟಣದೊಡನೆ ಮೂರು ನಾಲ್ಕು ವಾರ ಇಟ್ಟು, ಆ ಮೇಲೆ ಶೇ 65ಕ್ಕೆ ಏರಿಸಬೇಕು. ಕೊಡಗಿನಲ್ಲಿ ಅದಕ್ಕಿಂತ ಮೇಲೆ ಹೋಗುವ ಅಗತ್ಯ ನನಗೆ ಕಂಡಿಲ್ಲ, ಏಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯ ಗಾಳಿಯಲ್ಲಿ ಆರ್ದ್ರತೆ ಶೇ 90ನ್ನು ದಾಟಿ ನಿಲ್ಲುವುದರಿಂದ ಡಬ್ಬಿಯನ್ನು ತೆರೆದಾಗಲೆಲ್ಲ ತೇವ ಒಳಗೆ ನುಗ್ಗುತ್ತದೆ. ಪುಸ್ತಕಗಳಲ್ಲಿ ಹೊಗಳುವ ಚಂದದ ಮರದ ಹ್ಯುಮಿಡರ್, ಅಂದರೆ ಸಿಗಾರಿನ ತೇವ ಕಾಯುವ ಪೆಟ್ಟಿಗೆ, ಒಣ ದೇಶಗಳಿಗಾಗಿ ಹುಟ್ಟಿದ್ದು. ನಮ್ಮ ಮಳೆಗಾಲದಲ್ಲಿ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿ ಅದಕ್ಕಿಂತ ಹೆಚ್ಚು ನಂಬಿಗಸ್ಥ. ಪೊಟ್ಟಣ ತೇವ ಹೀರಿ ಊದಿಕೊಂಡಿದ್ದರೆ ಅದನ್ನು ಬದಲಿಸಬೇಕು. ಕುಶಾಲನಗರದ ಕಡೆಯವರಿಗೆ ಮಳೆ ಕಡಿಮೆ, ಬೇಸಿಗೆಯ ಬಿಸಿ ಹೆಚ್ಚು. ಅವರು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪೊಟ್ಟಣ ಗಟ್ಟಿಯಾಗಿದೆಯೇ ಎಂದು ನೋಡುತ್ತಿರಬೇಕು. ಈ ಕಾರಣಕ್ಕೇ ನಾನು ವರ್ಷದ ಖರೀದಿಯನ್ನು ನವೆಂಬರ್ ಮತ್ತು ಫೆಬ್ರವರಿಯ ನಡುವೆ ಮುಗಿಸುತ್ತೇನೆ: ಪ್ರಯಾಣದ ಸೆಕೆಯೂ ಇರುವುದಿಲ್ಲ, ಮಳೆ ಹಿಡಿಯುವ ಹೊತ್ತಿಗೆ ಸಿಗಾರ್ ಡಬ್ಬಿಗೆ ಹೊಂದಿಕೊಂಡಿರುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ಬಯಲುಸೀಮೆಯವರು ಯಂತ್ರವಿಟ್ಟು ಪಡೆಯುವ ತಂಪು ನಮಗೆ ವರ್ಷದ ಬಹುಪಾಲು ತಾನಾಗಿಯೇ ದೊರೆಯುತ್ತದೆ.

ಪೂರ್ವಚರಿತ್ರೆ ಖಚಿತವಿಲ್ಲದ ಪೆಟ್ಟಿಗೆಯನ್ನು ಮನೆಯ ಸಂಗ್ರಹಕ್ಕೆ ನೇರವಾಗಿ ಸೇರಿಸಬೇಡಿ, ಕೀಟದ ಭಯವಿದೆ. ಎರಡು ಪದರದ ಜಿಪ್ ಚೀಲದಲ್ಲಿ ಗಾಳಿ ಹೊರಹಾಕಿ ಮುಚ್ಚಿ, ಒಂದು ದಿನ ಫ್ರಿಜ್ಜಿನಲ್ಲಿಯೂ ಮೂರು ದಿನ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿಯೂ ಮತ್ತೆ ಒಂದು ದಿನ ಫ್ರಿಜ್ಜಿನಲ್ಲಿಯೂ ಇಟ್ಟು, ಚೀಲ ಕೋಣೆಯ ಉಷ್ಣತೆಗೆ ಬಂದ ಮೇಲೆಯೇ ತೆರೆಯಬೇಕು. ಆಷಾಢದ ಮಳೆಯಲ್ಲಿ ಮರ ಬಿದ್ದು ಮೂರು ದಿನ ಕರೆಂಟು ಹೋಗುವ ಊರಿನವರು ಈ ಕೆಲಸವನ್ನು ಆ ತಿಂಗಳು ಹಮ್ಮಿಕೊಳ್ಳದಿರುವುದು ಒಳ್ಳೆಯದು, ಏಕೆಂದರೆ ಫ್ರೀಜರ್ ಅರ್ಧದಲ್ಲಿ ಕರಗಿದರೆ ಕೀಟವೂ ಸಾಯುವುದಿಲ್ಲ, ರ‍್ಯಾಪರೂ ಉಳಿಯುವುದಿಲ್ಲ.

ಮನೆಗೆ ಬಂದ ಸಿಗಾರನ್ನು ಅದೇ ದಿನ ಸೇದಿ ತೀರ್ಪು ಕೊಡಬಾರದು. ಪ್ರಯಾಣದ ಏರುಪೇರು ಇಳಿಯಲು ಮೂರು ನಾಲ್ಕು ವಾರ ಬೇಕು. ಆ ಮೇಲೆ ಒಂದನ್ನು ಸೇದಿ, ಆರು ತಿಂಗಳ ನಂತರ ಇನ್ನೊಂದನ್ನು ಸೇದಿ ನೋಡಿದರೆ ಪೆಟ್ಟಿಗೆ ಏರುವ ದಾರಿಯಲ್ಲಿದೆಯೋ ಇಳಿಯುವ ದಾರಿಯಲ್ಲಿದೆಯೋ ತಿಳಿಯುತ್ತದೆ. ಇಳಿಯುತ್ತಿದೆ ಎನಿಸಿದರೆ ಇನ್ನಷ್ಟು ಕಾಯದೆ ನೆಂಟರಿಗೆ ಹಂಚಿ ಮುಗಿಸುವುದೇ ಸರಿ. ನಾನು ಮುಚ್ಚಳದ ಒಳಬದಿಯಲ್ಲಿ ಪೆನ್ಸಿಲಿನಿಂದ ಮೂರು ದಿನಾಂಕ ಬರೆದಿಡುತ್ತೇನೆ: ಪೆಟ್ಟಿಗೆಗೆ ತುಂಬಿದ ತಿಂಗಳು, ನಾನು ಕೊಂಡ ದಿನ, ಜಾಡಿಯ ಮೀಟರ್ ಮೊದಲ ಬಾರಿ 65ಕ್ಕೆ ಬಂದು ನಿಂತ ದಿನ. ಅಂಗಡಿಯ ಕಾಲದ ಬಗ್ಗೆ ಅನುಮಾನ ಉಳಿದಿದ್ದರೆ ವಯಸ್ಸನ್ನು ಮೂರನೆಯ ದಿನಾಂಕದಿಂದಲೇ ಎಣಿಸುತ್ತೇನೆ.